ಸೀಟ್ ಬೆಲ್ಟ್, ಏರ್‌ಬ್ಯಾಗ್: ಗ್ಯಾರೇಜಿನಲ್ಲಿ ಕುಳಿತು ಬರೆದ ಟಿಪ್ಪಣಿ

ಏರ್‌ಬ್ಯಾಗ್ ಇರುವ ಸ್ಟೇರಿಂಗ್ ಮಧ್ಯದಲ್ಲಿ ‘ಎಸ್‌ಆರ್‌ಎಸ್’ ಅಂತ ಅಚ್ಚಾಗಿರುವುದನ್ನು ನೋಡಿರುತ್ತೀರಿ. ಸಪ್ಲಿಮೆಂಟಲ್ ರಿಸ್ಟ್ರೇಂಟ್ ಸಿಸ್ಟಮ್. ಇದರಲ್ಲಿ ಸಪ್ಲಿಮೆಂಟಲ್ ಅನ್ನುವ ಪದಕ್ಕೆ ಅಡಿಗೆರೆ ಹಾಕಿಕೊಳ್ಳಿ. ಪೂರಕ ಅಂತ ಅರ್ಥ. ಮುಖ್ಯ ಕೆಲಸ ಬೆಲ್ಟಿನದು, ಚೀಲ (ಏರ್‌ಬ್ಯಾಗ್) ಅದರ ಹಿಂದೆ ನಿಂತು ಕೈಜೋಡಿಸುತ್ತದೆ. ಐಟಿಐಯಲ್ಲಿ ಮೋಟಾರ್ ಮೆಕ್ಯಾನಿಕ್ ಎರಡನೇ ವರ್ಷಕ್ಕೆ ಬಂದ ನಮ್ಮಲ್ಲಿ ಹೆಚ್ಚಿನವರು ಏರ್‌ಬ್ಯಾಗ್ ಪಾಠಕ್ಕೆ ಕಿವಿ ನಿಮಿರಿಸಿ ಕೂತು, ಬೆಲ್ಟಿನ ಪಾಠಕ್ಕೆ ತೂಕಡಿಸಿದವರು. ನಾನೂ ಅವರಲ್ಲೊಬ್ಬ. ಕಲಬುರಗಿಯ ಒಂದು ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡ ಮೇಲೆ ತಿಳಿಯಿತು, ಪಾಠ ತಿರುಗಾಮುರುಗಾ ಓದಿದ್ದೆ ಅಂತ. ಅದಕ್ಕೇ ಇಲ್ಲಿ ಬೆಲ್ಟ್ ಮೊದಲು.

ಒಂದು ಸಣ್ಣ ಲೆಕ್ಕ ಹಾಕೋಣ. ಕಾರು ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್. ಎದುರಿನ ಲಾರಿಗೆ ಬಡಿದು ಕಾರು ನಿಂತಿತು. ಒಳಗಿನ ಮನುಷ್ಯ ನಿಲ್ಲಲಿಲ್ಲ, ಅವನು ಇನ್ನೂ ಅದೇ ವೇಗದಲ್ಲಿ ಮುಂದಕ್ಕೆ ಹೊರಟಿದ್ದಾನೆ. ಇಷ್ಟು ವೇಗ ಬರಬೇಕೆಂದರೆ ಸುಮಾರು 14 ಮೀಟರ್ ಎತ್ತರದಿಂದ ಬೀಳಬೇಕು, ಅಂದರೆ ನಾಲ್ಕಂತಸ್ತಿನ ಕಟ್ಟಡದ ಮಾಳಿಗೆಯಿಂದ. “ಊರೊಳಗೇ ಹೊಂಟೀನಿ, ಬೆಲ್ಟ್ ಯಾಕ್ ಬೇಕು” ಅನ್ನುವವರಿಗೆ ನಾನು ಈ ಮಾಳಿಗೆಯ ಲೆಕ್ಕ ಹೇಳುತ್ತೇನೆ. ಕೆಲವರು ನಗುತ್ತಾರೆ, ಕೆಲವರು ಹಾಕಿಕೊಳ್ಳುತ್ತಾರೆ.

ಬೆಲ್ಟಿನ ಹೊಟ್ಟೆಯೊಳಗೆ

ಮೂರು ಕಡೆ ಬಿಗಿಯುವ ಈಗಿನ ಬೆಲ್ಟನ್ನು 1959ರಲ್ಲಿ ವೋಲ್ವೋ ಕಂಪನಿಗೆ ರೂಪಿಸಿಕೊಟ್ಟವರು ನೀಲ್ಸ್ ಬೋಲಿನ್. ಅದಕ್ಕೂ ಮೊದಲು ಅವರು ವಿಮಾನದಿಂದ ಪೈಲಟ್‌ನನ್ನು ಹೊರಚಿಮ್ಮಿಸುವ ಆಸನಗಳ ಮೇಲೆ ಕೆಲಸ ಮಾಡಿದವರು. ವೋಲ್ವೋ ಆ ಪೇಟೆಂಟನ್ನು ಬೇರೆ ಕಂಪನಿಗಳೂ ಬಳಸಲು ಬಿಟ್ಟುಕೊಟ್ಟಿತು. ಹೆಗಲ ಪಟ್ಟಿ ಎದೆಯ ಎಲುಬಿನ ಮೇಲೆ, ಕೆಳಗಿನ ಪಟ್ಟಿ ಸೊಂಟದ ಎಲುಬಿನ ಮೇಲೆ ಕೂರಬೇಕು. ಹೊಟ್ಟೆಯ ಮೇಲೆ ಕೂತರೆ ಅದೇ ಪಟ್ಟಿ ಕರುಳಿಗೆ ಏಟು ಕೊಡುತ್ತದೆ. ಬಸುರಿಯರು ಕೆಳಪಟ್ಟಿಯನ್ನು ಹೊಟ್ಟೆಯ ಕೆಳಗೆ ತರಬೇಕು.

ಪಟ್ಟಿ ಸುತ್ತಿಕೊಳ್ಳುವ ಡಬ್ಬಿಗೆ ರಿಟ್ರ್ಯಾಕ್ಟರ್ ಅನ್ನುತ್ತಾರೆ. ಇದರೊಳಗೆ ಬೀಗ ಹಾಕುವವರು ಇಬ್ಬರಿದ್ದಾರೆ. ಮೊದಲನೆಯದು ಬಟ್ಟಲಿನಲ್ಲಿ ಕೂತ ಉಕ್ಕಿನ ಗುಂಡು. ಕಾರು ಜೋರಾಗಿ ಬ್ರೇಕ್ ಹೊಡೆದರೆ ಅಥವಾ ಹೆಚ್ಚು ವಾಲಿದರೆ ಗುಂಡು ಉರುಳಿ ಒಂದು ಸನ್ನೆಯನ್ನು ಎತ್ತುತ್ತದೆ, ಸನ್ನೆ ಹಲ್ಲಿನ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಎರಡನೆಯದು ಕಾರಿನ ಗೊಡವೆಗೇ ಹೋಗದೆ ಪಟ್ಟಿ ಬಿಚ್ಚುವ ವೇಗವನ್ನಷ್ಟೇ ನೋಡುತ್ತದೆ. ಮೆಲ್ಲಗೆ ಎಳೆದರೆ ಬರುತ್ತದೆ, ಜಗ್ಗಿದರೆ ಕಚ್ಚಿ ಹಿಡಿಯುತ್ತದೆ. ಅವಸರದಲ್ಲಿದ್ದಾಗ ಬೆಲ್ಟ್ ಬರದೆ ಸಿಟ್ಟು ಬಂದವರಿಗೆಲ್ಲ ಇದರ ಪರಿಚಯ ಇದೆ.

ಗುಂಡಿನ ಕತೆ ತಿಳಿದಿದ್ದರೆ ಒಂದು ಸುಳ್ಳು ದೂರನ್ನು ಅಲ್ಲೇ ಬಗೆಹರಿಸಬಹುದು. “ಬೆಲ್ಟ್ ಹೊರಗ ಬರವಲ್ದು” ಅಂತ ಬಂದವರ ಕಾರು ಹಲವು ಸಲ ಇಳಿಜಾರಿನಲ್ಲಿ ನಿಂತಿರುತ್ತದೆ, ಇಲ್ಲವೇ ಒಂದು ಚಕ್ರ ಗಟಾರದ ಅಂಚಿಗೆ ಇಳಿದಿರುತ್ತದೆ. ಸಮನೆಲಕ್ಕೆ ತಂದು ನೋಡಿ, ಆಮೇಲೆ ಪಾನಾ ಹಿಡಿಯಿರಿ. ಬಿಚ್ಚಿ ತೆಗೆದ ರಿಟ್ರ್ಯಾಕ್ಟರನ್ನು ಕೈಯಲ್ಲಿ ಪರೀಕ್ಷಿಸುವಾಗ ಕೆಲವು ಸರ್ವಿಸ್ ಮ್ಯಾನುಯಲ್‌ಗಳು ಹೇಳುವುದು ಹೀಗೆ: ಕೂರುವ ಕೋನದಿಂದ 15 ಡಿಗ್ರಿಯೊಳಗೆ ವಾಲಿಸಿದರೆ ಪಟ್ಟಿ ಬರಬೇಕು, 45 ಡಿಗ್ರಿ ದಾಟಿದರೆ ಬರಬಾರದು. ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಒಳಗಿನ ಸುರುಳಿ ಸ್ಪ್ರಿಂಗ್ ಒಮ್ಮೆ ಹಾರಿತೆಂದರೆ ಮತ್ತೆ ಕೂರಿಸುವ ಆಸೆ ಬಿಡಬೇಕು.

ಹೊಸ ಕಾರುಗಳಲ್ಲಿ ಇನ್ನೆರಡು ಅಂಗಗಳು. ಪ್ರಿಟೆನ್ಷನರ್‌ನಲ್ಲಿ ಸಣ್ಣ ಮದ್ದಿನ ಗುಳಿಗೆ ಇದೆ. ಡಿಕ್ಕಿಯಾದ ಕೆಲವೇ ಮಿಲಿಸೆಕೆಂಡಿನಲ್ಲಿ ಸಿಡಿದು, ಅಂಗಿ ಮತ್ತು ಪಟ್ಟಿಯ ನಡುವಿನ ಸಡಿಲನ್ನು ಎಳೆದುಕೊಳ್ಳುತ್ತದೆ. ಲೋಡ್ ಲಿಮಿಟರ್ ಕೆಲಸ ಇದಕ್ಕೆ ವಿರುದ್ಧ. ಸುತ್ತುವ ಕದಿರಿನೊಳಗಿನ ಕಂಬಿ ತಿರುಚಿಕೊಂಡು ಪಟ್ಟಿಯನ್ನು ತುಸು ತುಸು ಬಿಡುತ್ತದೆ, ಪಕ್ಕೆಲುಬು ಮುರಿಯದಿರಲಿ ಅಂತ. ಮೊದಲು ಬಿಗಿ, ಆಮೇಲೆ ಹದವಾಗಿ ಸಡಿಲು. ಒಮ್ಮೆ ತಿರುಚಿದ ಕಂಬಿ ಮತ್ತೆ ನೆಟ್ಟಗಾಗುವುದಿಲ್ಲ. ಆದ್ದರಿಂದ ದೊಡ್ಡ ಅಪಘಾತದಲ್ಲಿ ಯಾರಾದರೂ ಹಾಕಿಕೊಂಡಿದ್ದ ಬೆಲ್ಟ್ ನೋಡಲು ಚೆನ್ನಾಗಿದ್ದರೂ ಇಡೀ ಸೆಟ್ ಬದಲಿಸಬೇಕು. ಗುಜರಿ ಅಂಗಡಿಯಿಂದ ತಂದ ಬೆಲ್ಟಿನ ಹಿಂದಿನ ಚರಿತ್ರೆ ಯಾರಿಗೆ ಗೊತ್ತು?

ಪರೀಕ್ಷೆ, ತೊಳೆಯುವುದು

ಪಟ್ಟಿಯನ್ನು ಪೂರ್ತಿ ಹೊರಗೆಳೆದು ಎರಡೂ ಅಂಚಿಗೆ ಬೆರಳಾಡಿಸಿ. ದಾರ ಎದ್ದಿದೆಯೇ, ಬೀಡಿಯ ಕಿಡಿ ಬಿದ್ದು ಕರಗಿದೆಯೇ, ಬಾಗಿಲಿಗೆ ಸಿಕ್ಕಿ ಕತ್ತರಿಸಿದೆಯೇ. ಕಣ್ಣಿಗೆ ತಪ್ಪಿದ್ದು ಬೆರಳಿಗೆ ಸಿಗುತ್ತದೆ. ಕೊಳೆಯಾಗಿದ್ದರೆ ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು. ಬ್ಲೀಚು, ಬಣ್ಣ, ಪೆಟ್ರೋಲು ಯಾವುದೂ ಬೇಡ, ನೂಲಿನ ಬಲ ಹೋಗುತ್ತದೆ. ನೆರಳಿನಲ್ಲಿ ಪೂರ್ತಿ ಒಣಗುವವರೆಗೆ ಒಳಗೆ ಸುತ್ತಲು ಬಿಡಬೇಡಿ. ಬಟ್ಟೆ ಒಣಹಾಕುವ ಕ್ಲಿಪ್ ಒಂದು ಹಾಕಿಟ್ಟರೆ ಸಾಕು. ಬೆಲ್ಟ್ ಸೋಮಾರಿಯಾಗಿ ಒಳಗೆ ಹೋಗುತ್ತಿದ್ದರೆ ಹೆಗಲ ಹತ್ತಿರ ಪಟ್ಟಿ ತೂರಿ ಬರುವ ಬಳೆ ನೋಡಿ. ಬೆವರು, ಎಣ್ಣೆ, ನಮ್ಮ ಕಡೆಯ ಧೂಳು ಮೂರೂ ಸೇರಿ ಅಲ್ಲಿ ಮೇಣದಂತೆ ಅಂಟಿರುತ್ತದೆ. ಅದನ್ನು ಒರೆಸಿದರೆ ಅರ್ಧ ದೂರು ಮುಗಿಯಿತು.

ಬಕಲ್ ಒಳಗೆ ಸಿಗುವ ವಸ್ತುಗಳದ್ದು ಒಂದು ಸಂತೆ. ನಾಣ್ಯ, ಶೇಂಗಾ ಸಿಪ್ಪೆ, ಅಡಿಕೆ ಚೂರು, ಸುಗ್ಗಿ ಕಾಲದಲ್ಲಿ ತೊಗರಿ ಕಾಳು. ಗಾಳಿ ಹೊಡೆದು ತೆಗೆಯಬೇಕು. ಎಣ್ಣೆ ಬಿಡಬೇಡಿ, ಎಣ್ಣೆಗೆ ಧೂಳು ಕೂತು ಇನ್ನಷ್ಟು ಕಚ್ಚುತ್ತದೆ. ಮೇ ತಿಂಗಳಲ್ಲಿ ಬಕಲ್ ಮುಟ್ಟಿದರೆ ಕೈ ಸುಡುತ್ತದೆ ಅಂತ ಬೆಲ್ಟ್ ಬಿಟ್ಟವರೂ ಇದ್ದಾರೆ. ಬಿಸಿಲಿಗೆ ನಿಲ್ಲಿಸುವಾಗ ಅದರ ಮೇಲೊಂದು ಟವೆಲ್ ಹೊದಿಸಿ.

ತೊಗರಿ ಅಂದೆನಲ್ಲ, ಅದರದ್ದೇ ಇನ್ನೊಂದು ಕತೆ. ಮುಂದಿನ ಎಡಗಡೆ ಸೀಟಿನ ಮೇಲೆ ತೊಗರಿ ಚೀಲ ಇಟ್ಟುಕೊಂಡು ನೆಹರು ಗಂಜ್ ಮಾರುಕಟ್ಟೆಗೆ ಹೊರಟರೆ, ಭಾರ ಅರಿಯುವ ಸೆನ್ಸರ್ ಇರುವ ಕಾರು ಅದನ್ನು ಮನುಷ್ಯ ಅಂದುಕೊಂಡು ಬೀಪ್ ಬೀಪ್ ಅನ್ನುತ್ತದೆ. ಈ ಕಿರಿಕಿರಿಗೆ ಜನ ಕಂಡುಕೊಂಡ ಉಪಾಯ ಬಕಲಿಗೆ ಚುಚ್ಚುವ ಖಾಲಿ ಕ್ಲಿಪ್. ಚೀಲಕ್ಕೇ ಬೆಲ್ಟ್ ಹಾಕಿದ್ದರೆ ಬೀಪೂ ನಿಲ್ಲುತ್ತಿತ್ತು, ಚೀಲವೂ ಬೀಳುತ್ತಿರಲಿಲ್ಲ. ಚೀಲ ಇಳಿಸಿದ ಮೇಲೆ ಕ್ಲಿಪ್ ಅಲ್ಲೇ ಉಳಿಯುತ್ತದೆ, ನಾಳೆ ಅಲ್ಲಿ ಮಗಳು ಕೂರುತ್ತಾಳೆ. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ ಕ್ಲಿಪ್‌ಗಳನ್ನು ಮಾರಾಟದಿಂದ ತೆಗೆಯುವಂತೆ ಆನ್‌ಲೈನ್ ಅಂಗಡಿಗಳಿಗೆ ಆದೇಶಿಸಿತು. ಸರ್ವಿಸಿಗೆ ಬಂದ ಕಾರಿನಲ್ಲಿ ಕಂಡರೆ ತೆಗೆದು ಮಾಲೀಕರ ಕೈಗೆ ಕೊಟ್ಟು ಹೇಳಿ. ಬೆಲ್ಟ್ ಹಾಕದಿದ್ದರೆ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಲ್ಲಿ ದಂಡವಿದೆ, ಹಿಂದಿನ ಸೀಟಿನವರಿಗೂ ಬೆಲ್ಟ್ ಕಡ್ಡಾಯ. ಉದ್ಯಮಿ ಸೈರಸ್ ಮಿಸ್ತ್ರಿ 2022ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕೂತಿದ್ದರು.

ಈಗ ಏರ್‌ಬ್ಯಾಗ್ ಚೀಲ

ಕಣ್ಣು ಮಿಟುಕಿಸಲು 100 ಮಿಲಿಸೆಕೆಂಡಿಗೂ ಹೆಚ್ಚು ಬೇಕು. ಎದುರು ಡಿಕ್ಕಿಯಲ್ಲಿ ಸೆನ್ಸರ್ ನೋಡಿ, ಇಸಿಯು (ಏರ್‌ಬ್ಯಾಗ್ ನಿಯಂತ್ರಿಸುವ ಕಂಪ್ಯೂಟರ್ ಡಬ್ಬಿ) ನಿರ್ಧರಿಸಲು ಸುಮಾರು 15ರಿಂದ 20 ಮಿಲಿಸೆಕೆಂಡು; ಚೀಲ ತುಂಬಲು ಇನ್ನೊಂದು 30. ಗಾಳಿ ಪಂಪಿನಿಂದ ಇದು ಆಗದ ಮಾತು, ಆದ್ದರಿಂದಲೇ ಮದ್ದು. ಚೀಲ ಉಬ್ಬಿಸುವ ಹಳೆಯ ಇನ್‌ಫ್ಲೇಟರ್‌ಗಳಲ್ಲಿ ಸೋಡಿಯಂ ಅಜೈಡ್ ಇತ್ತು, ಸಿಡಿದಾಗ ನೈಟ್ರೋಜನ್ ಬರುತ್ತಿತ್ತು. ಈಗ ಬಹುಪಾಲು ಗ್ವಾನಿಡಿನ್ ನೈಟ್ರೇಟ್. ಟಕಾಟಾ ಕಂಪನಿ ಅಮೋನಿಯಂ ನೈಟ್ರೇಟ್ ಬಳಸಿತು. ಸೆಕೆ, ತೇವಾಂಶಕ್ಕೆ ವರ್ಷಗಟ್ಟಲೆ ಸಿಕ್ಕ ಆ ಮದ್ದು ಮಿತಿಮೀರಿ ಸಿಡಿದು, ಲೋಹದ ಚೂರುಗಳು ಕೂತವರಿಗೇ ಬಡಿದವು. ಜಗತ್ತಿನಾದ್ಯಂತ ಕೋಟಿಗಟ್ಟಲೆ ಇನ್‌ಫ್ಲೇಟರ್ ವಾಪಸ್ ಕರೆಸಬೇಕಾಯಿತು, 2017ರಲ್ಲಿ ಕಂಪನಿ ದಿವಾಳಿಯಾಯಿತು. ಹಳೆಯ ಕಾರು ಬಂದಾಗ ಚಾಸಿಸ್ ನಂಬರ್ ಹಾಕಿ ರಿಕಾಲ್ ಬಾಕಿ ಇದೆಯೇ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಚೀಲದ ಹಿಂಬದಿಯಲ್ಲಿ ತೂತುಗಳಿವೆ. ತುಂಬಿದ ತಕ್ಷಣ ಗಾಳಿ ಬಿಡಲು ಶುರುಮಾಡುತ್ತದೆ, ತಲೆ ಬಂದು ಒರಗುವ ಹೊತ್ತಿಗೆ ಮೆತ್ತಗಾಗಿರಬೇಕು. ಬೆಲ್ಟ್ ಇಲ್ಲದವನು ಚೀಲ ಇನ್ನೂ ಉಬ್ಬುತ್ತಿರುವಾಗಲೇ ಅಲ್ಲಿಗೆ ತಲುಪಿಬಿಡಬಹುದು. ಆಗ ಅದು ತಲೆದಿಂಬಲ್ಲ, ಗುದ್ದು. ಎದೆಗೂ ಸ್ಟೇರಿಂಗಿಗೂ ಕಡಿಮೆ ಅಂದರೆ 25 ಸೆಂ.ಮೀ. ಅಂತರ ಇರಲಿ ಅನ್ನುವುದು ಇದಕ್ಕೇ. ಎಡಗಡೆ ಡ್ಯಾಶ್‌ಬೋರ್ಡಿನ ಏರ್‌ಬ್ಯಾಗ್ ಮುಚ್ಚಳದ ಮೇಲೆ ಏನನ್ನೂ ಅಂಟಿಸಬಾರದು. ಶರಣಬಸವೇಶ್ವರರ ಮೂರ್ತಿಯಾಗಲಿ, ಬಂದೇನವಾಜ್ ದರ್ಗಾದ ಫೋಟೋ ಆಗಲಿ, ನಡುವಿಗೆ ಸರಿಸಿಡಿ ಅಂತ ಭಕ್ತಿಯಿಂದಲೇ ಹೇಳಬಹುದು. ಪಕ್ಕದ ಚೀಲ ಸೀಟಿನ ಬೆನ್ನಲ್ಲಿದ್ದರೆ ಸಾದಾ ಸೀಟ್ ಕವರ್ ಅದರ ಬಾಯಿ ಹೊಲಿದಂತೆ. ಹಿಂದಕ್ಕೆ ಮುಖ ಮಾಡಿ ಕೂರಿಸುವ ಕೂಸಿನ ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿಗೆ ಎಂದೂ ಕಟ್ಟಬಾರದು.

ನಮ್ಮ ದೇಶದಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈಯಿಂದ, ಪಕ್ಕದವರದ್ದು ಎಲ್ಲ ಮಾದರಿಗಳಿಗೂ 2021ರ ಕೊನೆಗೆ. ಅದಕ್ಕೂ ಹಿಂದಿನ ಕಾರಾದರೆ ಚೀಲ ಇದೆಯೇ ಇಲ್ಲವೇ ಅಂತ ಮೊದಲು ಖಚಿತ ಮಾಡಿಕೊಳ್ಳಿ.

ಕೆಂಪು ದೀಪ

ಚಾವಿ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹೊತ್ತಿ ಸುಮಾರು ಆರು ಸೆಕೆಂಡಿಗೆ ಆರಬೇಕು. ಆರದಿದ್ದರೆ ದೋಷವಿದೆ. ಹೊತ್ತಲೇ ಇಲ್ಲದಿದ್ದರೆ ಇನ್ನೂ ಹೆಚ್ಚಿನ ಅನುಮಾನ ಪಡಿ, ಯಾರೋ ಬಲ್ಬ್ ಕಿತ್ತಿರಬಹುದು.

ಹುಮನಾಬಾದ್ ಕಡೆಯಿಂದ ಒಂದು ಸೆಕೆಂಡ್ ಹ್ಯಾಂಡ್ ಕಾರು ಬಂದಿತ್ತು, ಸೀಟ್ ತೊಳೆಸಿದ ಮೇಲೆ ದೀಪ ಹತ್ತಿದೆ ಅಂತ. “ಲೈಟ್ ಒಂದ್ ಬಂದ್ ಮಾಡಿಕೊಡ್ರಿ ಉಸ್ತಾದ್, ಕಣ್ಣಿಗಿ ಕುಕ್ತದ” ಅಂದರು ಮಾಲೀಕರು. ಉಸ್ತಾದ್ ನಕ್ಕು, “ಬಂದ್ ಮಾಡದು ಐದ್ ನಿಮಿಷದ ಕೆಲಸ ಅದ ಕಾಕಾ. ಅದು ಯಾಕ್ ಹತ್ಯಾದ ಅಂತ ಕೇಳಮು ಮೊದಲ” ಅಂದು ನನಗೆ ಸ್ಕ್ಯಾನರ್ ಕೊಟ್ಟರು. ಸೀಟಿನ ಪಕ್ಕದ ಏರ್‌ಬ್ಯಾಗಿನ ರೆಸಿಸ್ಟೆನ್ಸ್ (ವಿದ್ಯುತ್ ತಡೆ) ಕಡಿಮೆ ಅಂತ ದೋಷದ ಕೋಡ್ ಬಂತು. ಸೀಟಿನ ಕೆಳಗೆ ವಾಯರ್ ಜೋಡಿಸುವ ಹಳದಿ ಕಪ್ಲರ್ ಅರ್ಧಕ್ಕೆ ಕೂತಿತ್ತು.

ಇಲ್ಲೊಂದು ಸೊಗಸು ಇದೆ. ಕಪ್ಲರ್ ಸಡಿಲಾದರೆ ರೆಸಿಸ್ಟೆನ್ಸ್ ಹೆಚ್ಚಾಗಬೇಕಲ್ಲ, ಕಡಿಮೆ ಯಾಕೆ? ಏರ್‌ಬ್ಯಾಗ್ ಕಪ್ಲರ್‌ನೊಳಗೆ ಒಂದು ಲೋಹದ ಪಟ್ಟಿ ಇರುತ್ತದೆ. ಕಪ್ಲರ್ ಕಳಚಿದ ಕೂಡಲೇ ಅದು ಎರಡೂ ಪಿನ್ನುಗಳನ್ನು ಶಾರ್ಟ್ ಮಾಡುತ್ತದೆ, ಮೈಮೇಲಿನ ಸ್ಥಾಯಿ ವಿದ್ಯುತ್ತಿನಿಂದಲೋ ಇನ್ನಾವುದರಿಂದಲೋ ಚೀಲ ಸಿಡಿಯದಿರಲಿ ಅಂತ. ಪೂರ್ತಿ ಒತ್ತಿ ಕೂರಿಸಿದಾಗಷ್ಟೇ ಪಟ್ಟಿ ಮೇಲೇಳುತ್ತದೆ. ಅರ್ಧ ಕೂತರೆ ಪಿನ್ನುಗಳು ಮುಟ್ಟಿರುತ್ತವೆ, ಶಾರ್ಟ್ ಪಟ್ಟಿಯೂ ಮುಟ್ಟಿರುತ್ತದೆ. ನಿಯಮ ಪ್ರಕಾರ ಬ್ಯಾಟರಿ ಬಿಚ್ಚಿ, ಕಪ್ಲರ್ ಕೂರಿಸಿ, ಕೋಡ್ ಅಳಿಸಿದೆವು, ದೀಪ ಆರಿತು. ನನಗೆ ಆ ದಿನ ಪುಸ್ತಕದ ಒಂದು ಪುಟ ಪೂರ್ತಿ ಅರ್ಥವಾಯಿತು.

ಆ ‘ಐದು ನಿಮಿಷದ ಕೆಲಸ’ ಏನೆಂದೂ ಹೇಳುತ್ತೇನೆ. ಚೀಲದ ಸಿಡಿಗುಳಿಗೆಯ ರೆಸಿಸ್ಟೆನ್ಸ್ ಸಾಮಾನ್ಯವಾಗಿ 2 ಓಮ್ ಆಸುಪಾಸು. ಚೀಲದ ಜಾಗದಲ್ಲಿ ಅಷ್ಟೇ ಓಮಿನ ರೆಸಿಸ್ಟರ್ ಸಿಕ್ಕಿಸಿದರೆ ಇಸಿಯು ಮೋಸ ಹೋಗುತ್ತದೆ. ಇದೇ ರೆಸಿಸ್ಟರ್ ಪರೀಕ್ಷೆಗೆ ಬಳಸುವ ಸರಿಯಾದ ಸಾಧನವೂ ಹೌದು: ಅದನ್ನು ಹಾಕಿದಾಗ ದೋಷ ಹೋದರೆ ಕೆಟ್ಟದ್ದು ಚೀಲದ ಮಾಡ್ಯೂಲ್ (ಚೀಲ, ಮದ್ದು ಸೇರಿದ ಡಬ್ಬಿ), ಹೋಗದಿದ್ದರೆ ವಾಯರಿಂಗ್ ಅಥವಾ ಇಸಿಯು. ಪರೀಕ್ಷೆ ಮುಗಿದ ಮೇಲೆ ಅದು ಟೂಲ್ ಬಾಕ್ಸಿಗೆ ವಾಪಸ್ ಬಂತೇ, ಕಾರಿನಲ್ಲೇ ಉಳಿಯಿತೇ ಅನ್ನುವುದರಲ್ಲಿ ಮೆಕ್ಯಾನಿಕ್ ಯಾರು, ಠಕ್ಕ ಯಾರು ಅಂತ ತಿಳಿಯುತ್ತದೆ. ಅಪಘಾತವಾಗಿ ಚೀಲ ಸಿಡಿದ ಕಾರನ್ನು ಮುಚ್ಚಳ ಅಂಟಿಸಿ, ರೆಸಿಸ್ಟರ್ ಹಾಕಿ ಮಾರುವವರು ಇದ್ದಾರೆ. ಹಳೆಯ ಕಾರು ಕೊಳ್ಳುವ ಬಂಧುಗಳಿಗೆ ಸ್ಟೇರಿಂಗ್ ಮುಚ್ಚಳದ ಬಣ್ಣ, ಗೆರೆ ಎರಡನ್ನೂ ಹೊತ್ತು ಕೊಟ್ಟು ನೋಡಲು ಹೇಳಿ.

ಹಾರ್ನ್ ಸತ್ತು, ಜತೆಗೆ ದೀಪ ಹತ್ತಿದ್ದರೆ ಕ್ಲಾಕ್ ಸ್ಪ್ರಿಂಗ್ ಮೇಲೆ ಗುಮಾನಿ. ಸ್ಟೇರಿಂಗ್ ತಿರುಗಿದರೂ ವಾಯರ್ ಹರಿಯದಂತೆ ಸುತ್ತಿಟ್ಟ ರಿಬ್ಬನ್ ಅದು. ನಮ್ಮೂರ ಗಿರಾಕಿ ಏರ್‌ಬ್ಯಾಗ್ ದೀಪಕ್ಕೆ ತಿಂಗಳುಗಟ್ಟಲೆ ಬರುವುದಿಲ್ಲ, ಹಾರ್ನ್ ಹೋದರೆ ಅದೇ ಸಂಜೆ ಬರುತ್ತಾರೆ. ಹಾರ್ನ್ ಇಲ್ಲದೆ ಊರಿನ ಸೂಪರ್ ಮಾರ್ಕೆಟ್ ಪ್ರದೇಶ ದಾಟುವುದು ಹೇಗೆ? ಹೊಸ ಕ್ಲಾಕ್ ಸ್ಪ್ರಿಂಗ್ ಹಾಕುವಾಗ ಚಕ್ರ ನೆಟ್ಟಗಿರಬೇಕು, ಸ್ಪ್ರಿಂಗ್ ನಡುವಿಗೆ ಬಂದಿರಬೇಕು. ಒಂದು ಕಡೆಗೆ ಮೆಲ್ಲಗೆ ಕೊನೆಮುಟ್ಟ ತಿರುಗಿಸಿ, ಮ್ಯಾನುಯಲ್ ಹೇಳಿದಷ್ಟು ಸುತ್ತು ಹಿಂದಕ್ಕೆ ತಂದು ಗುರುತು ಕೂಡಿಸಿ. ಅಂದಾಜಿಗೆ ಹಾಕಿದರೆ ಮೊದಲ ಯು-ಟರ್ನಿಗೇ ರಿಬ್ಬನ್ ಕಿತ್ತುಬರಬಹುದು.

ಕೈ ಹಾಕುವ ಮುನ್ನ

ಚಾವಿ ಬಂದ್, ಬ್ಯಾಟರಿಯ ನೆಗೆಟಿವ್ ಕಳಚು, ಕಾಯು. ಕಾಯುವುದು ಯಾಕೆಂದರೆ ಡಿಕ್ಕಿಯಲ್ಲಿ ಬ್ಯಾಟರಿ ವಾಯರ್ ತುಂಡಾದರೂ ಚೀಲ ತೆರೆಯಲಿ ಅಂತ ಇಸಿಯು ಒಳಗೆ ಕೆಪಾಸಿಟರ್ ಇದೆ, ಅದು ಖಾಲಿಯಾಗಬೇಕು. ಕೆಲವು ಕಾರಿಗೆ 90 ಸೆಕೆಂಡು, ಕೆಲವಕ್ಕೆ ಕೆಲವು ನಿಮಿಷ, ಮ್ಯಾನುಯಲ್ ನೋಡಿ. ನಮ್ಮ ಉಸ್ತಾದ್ ಯಾವ ಕಾರಾದರೂ ಒಂದು ಚಹಾ ಮುಗಿಯುವವರೆಗೆ ಮುಟ್ಟಲು ಬಿಡುವುದಿಲ್ಲ. ಸಿಡಿಗುಳಿಗೆಗೆ ನೇರವಾಗಿ ಮಲ್ಟಿಮೀಟರ್ ಹಿಡಿದು ಓಮ್ ಅಳೆಯಲೇಬಾರದು. ಮೀಟರಿನ ಸಣ್ಣ ಕರೆಂಟನ್ನು ನಂಬಿ ಮುಖದ ಮುಂದೆ ಮದ್ದು ಇಟ್ಟುಕೊಳ್ಳುವ ಕೆಲಸ ಅದು.

ಮಾಡ್ಯೂಲ್ ಹೊರತೆಗೆದರೆ ಮುಚ್ಚಳದ ಬದಿ ಮೈಯಿಂದ ಆಚೆಗೆ ಇರುವಂತೆ ಹಿಡಿದು ನಡೆಯಿರಿ. ಮೇಜಿನ ಮೇಲೆ ಮುಚ್ಚಳ ಮೇಲಾಗಿ ಇಡಿ, ಮೇಲೆ ಏನೂ ಹೇರಬೇಡಿ. ಬೋರಲು ಇಟ್ಟದ್ದು ಸಿಡಿದರೆ ಇಡೀ ಮಾಡ್ಯೂಲೇ ರಾಕೆಟ್ಟಿನಂತೆ ಮೇಲಕ್ಕೆ ಹಾರುತ್ತದೆ. 93 ಡಿಗ್ರಿ ಸೆಲ್ಸಿಯಸ್ ಮೀರುವ ಜಾಗ ಬೇಡ ಅಂತ ಕೆಲವು ಮ್ಯಾನುಯಲ್‌ಗಳಲ್ಲಿದೆ. ಕಲಬುರಗಿಯ ಬಿಸಿಲು ಅಷ್ಟಕ್ಕೆ ಹೋಗದು. ಗ್ಯಾಸ್ ವೆಲ್ಡಿಂಗ್, ಪೇಂಟ್ ಒಣಗಿಸುವ ಹೀಟರ್ ಹೋದೀತು. ಸಿಡಿದ ಚೀಲ ತೆಗೆಯುವಾಗ ಕೈಗವಸು, ಕನ್ನಡಕ ಹಾಕಿ. ಆ ಬಿಳಿ ಪುಡಿ ಬಹುಮಟ್ಟಿಗೆ ಟಾಲ್ಕು ಅಥವಾ ಮೆಕ್ಕೆಜೋಳದ ಪಿಷ್ಟದಂಥದ್ದೇ ಆದರೂ, ಜತೆಗೆ ಚರ್ಮ ಉರಿಸುವ ಪದಾರ್ಥವೂ ಇರಬಹುದು.

ಇಸಿಯು ಇರುವುದು ಸಾಮಾನ್ಯವಾಗಿ ಗೇರ್ ಹತ್ತಿರ, ನಡುವಿನ ಕನ್ಸೋಲ್ ಕೆಳಗೆ. ಮೇಲೊಂದು ಬಾಣ, ಅದು ಕಾರಿನ ಮುಂದಕ್ಕೆ ತೋರಬೇಕು. ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲೇ ಬಿಗಿಯಿರಿ, ಏಕೆಂದರೆ ಆ ಡಬ್ಬಿ ಡಿಕ್ಕಿಯನ್ನು ಅರಿಯುವುದು ಕಾರಿನ ಮೈಯ ಮೂಲಕ. ಬೋಲ್ಟ್ ಬಿಚ್ಚಿ ಕಪ್ಲರ್ ಹಾಗೇ ಇಟ್ಟು ಚಾವಿ ತಿರುಗಿಸಿದಿರೋ, ಡಬ್ಬಿ ಕೈಜಾರಿ ಬಿದ್ದದ್ದನ್ನೂ ಅದು ಅಪಘಾತ ಅಂದುಕೊಳ್ಳಬಹುದು. ಭೀಮಾ ಪ್ರವಾಹದಲ್ಲಿ ನಿಂತ ಕಾರಾದರೆ ನೀರು ಮೊದಲು ಸೇರುವ ಜಾಗಗಳಲ್ಲಿ ಇದೂ ಒಂದು. ಚಾವಿ ಹಾಕುವ ಮೊದಲೇ ಬ್ಯಾಟರಿ ಬಿಚ್ಚಿ.

ಎಲ್ಲ ಜೋಡಿಸಿದ ಮೇಲೆ ಬ್ಯಾಟರಿ ಹಾಕುವಾಗ ಕಾರಿನೊಳಗೆ ಯಾರೂ ಇರಬಾರದು. ಚಾವಿಯನ್ನು ಬಾಗಿಲ ಪಕ್ಕ ನಿಂತು, ತಲೆಯನ್ನು ಸ್ಟೇರಿಂಗ್ ಮುಂದೆ ತರದೆ, ಕೈ ಚಾಚಿ ತಿರುಗಿಸಿ. ದೀಪ ಹೊತ್ತುತ್ತದೆ. ಒಂದು, ಎರಡು, ಮೂರು ಅಂತ ಎಣಿಸುತ್ತಾ ನಿಲ್ಲಿ. ಆರಿದರೆ ಇನ್ನೊಮ್ಮೆ ಚಾವಿ ಬಂದ್ ಮಾಡಿ, ಮತ್ತೆ ತಿರುಗಿಸಿ, ಮತ್ತೆ ಎಣಿಸಿ.