ರಿಲೀಸ್: ಬೆರಳೆತ್ತಿದ ಮೇಲೂ ಉಳಿಯುವ ಸ್ವರ

‘ರಿಲೀಸ್’ ಎಂದೊಡನೆ ಹೆಚ್ಚಿನ ಕನ್ನಡಿಗರಿಗೆ ಶುಕ್ರವಾರದ ಸಿನಿಮಾ ನೆನಪಾಗುತ್ತದೆ. ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಕೀಬೋರ್ಡ್ ವಾದ್ಯವಾದ ಸಿಂಥಸೈಜರ್ ನುಡಿಸುವವರ ಬಾಯಲ್ಲಿ ಮಾತ್ರ ಅದು ಕೀಯಿಂದ ಬೆರಳೆತ್ತಿದ ಕ್ಷಣದಿಂದ ಸ್ವರ ಪೂರ್ತಿಯಾಗಿ ಅಡಗುವವರೆಗಿನ ಅವಧಿಯ ಹೆಸರು. ಸ್ವರವೊಂದರ ಏರಿಳಿತದ ನಕ್ಷೆಗೆ ಎನ್ವಲಪ್ ಎನ್ನುತ್ತಾರೆ. ಅದರಲ್ಲಿ ಅಟ್ಯಾಕ್ (ಸ್ವರ ಏರುವುದು), ಡಿಕೇ (ತುಸು ಇಳಿಯುವುದು), ಸಸ್ಟೇನ್ (ಕೀ ಒತ್ತಿರುವಷ್ಟು ಹೊತ್ತು ನಿಲ್ಲುವುದು), ರಿಲೀಸ್ ಎಂಬ ನಾಲ್ಕು ಘಟ್ಟಗಳಿದ್ದು, ಸಸ್ಟೇನ್ ಒಂದು ಮಟ್ಟವನ್ನೂ ಉಳಿದ ಮೂರು ಕಾಲಾವಧಿಯನ್ನೂ ಸೂಚಿಸುತ್ತವೆ. 1965ರಲ್ಲಿ ಸಂಗೀತ ಸಂಯೋಜಕ ವ್ಲಾಡಿಮಿರ್ ಉಸ್ಸಚೆವ್‌ಸ್ಕಿ ಅವರ ಕೋರಿಕೆಯಂತೆ ಸಿಂಥಸೈಜರ್ ತಯಾರಕ ರಾಬರ್ಟ್ ಮೂಗ್ ಇಂತಹ ಏರಿಳಿತವನ್ನು ರೂಪಿಸುವ ಸಾಧನವನ್ನು ಕಟ್ಟಿಕೊಟ್ಟರು. ಈ ನಾಲ್ಕು ಹೆಸರುಗಳು ರೂಢಿಗೆ ಬಂದದ್ದು ಆಮೇಲೆ, ಎಆರ್‌ಪಿ ಕಂಪನಿಯ ವಾದ್ಯಗಳಿಂದ.

ಮುಂಬಯಿಯ ನಮ್ಮ ಭಜನಾ ಮಂಡಳಿಗಳಲ್ಲಿ ಹಾರ್ಮೋನಿಯಂನಿಂದ ಕೀಬೋರ್ಡಿಗೆ ಬಂದವರು ಅನೇಕರಿದ್ದಾರೆ, ನಾನೂ ಅವರಲ್ಲೊಬ್ಬ. ಹಾರ್ಮೋನಿಯಂನಲ್ಲಿ ಬೆರಳೆತ್ತಿದರೆ ಗಾಳಿಯ ದಾರಿ ಮುಚ್ಚಿ ಸ್ವರ ಅಲ್ಲಿಗೇ ನಿಲ್ಲುವುದರಿಂದ, ಬೆರಳೆತ್ತಿದ ಮೇಲೆ ಏನಾಗುತ್ತದೆ ಎಂಬ ಪ್ರಶ್ನೆಯೇ ನಮಗೆ ಹುಟ್ಟಿರುವುದಿಲ್ಲ. ಡೊಂಬಿವಲಿಯಲ್ಲಿ ಒಮ್ಮೆ ಭಾವಗೀತೆಯ ಕಾರ್ಯಕ್ರಮಕ್ಕೆ ನಾನು ಸ್ಟ್ರಿಂಗ್ಸ್ ನಾದದ ರಿಲೀಸನ್ನು ನಾಲ್ಕು ಸೆಕೆಂಡಿಗೆ ಇಟ್ಟಿದ್ದೆ. ಆಲಾಪಕ್ಕೆ ಅದು ಸೊಗಸಾಗಿಯೇ ಒಪ್ಪಿತು, ಆದರೆ ಚರಣದಲ್ಲಿ ಲಯ ಚುರುಕಾದಂತೆ ಹಿಂದಿನ ಕಾರ್ಡ್ (ಒಟ್ಟಿಗೆ ನುಡಿಸಿದ ಸ್ವರಗಳ ಗುಂಪು) ಮುಂದಿನದರ ಮೇಲೆ ಹರಿದು ಎಲ್ಲವೂ ಕಲಸುಮೇಲೋಗರವಾಯಿತು. ಹಾಡುತ್ತಿದ್ದ ಅಕ್ಕ ಮೈಕಿನಿಂದ ಮುಖ ತಿರುಗಿಸಿ, “ಏನಪ್ಪಾ, ಹೋದ ಸ್ವರ ಇನ್ನೂ ಇಲ್ಲೇ ಇದೆಯಲ್ಲ!” ಎಂದರು. ರಿಲೀಸ್ ಎಂದರೇನು ಎಂಬುದಕ್ಕೆ ಅದಕ್ಕಿಂತ ಚೊಕ್ಕ ವಿವರಣೆಯನ್ನು ನಾನು ಕೇಳಿಲ್ಲ.

ಹಾಗೆಂದು ಅವಧಿಯನ್ನು ಸೊನ್ನೆಗೆ ತಂದರೂ ಕೆಲಸ ಕೆಡುತ್ತದೆ. ಅಲೆಯನ್ನು ನಡುವೆಯೇ ಕತ್ತರಿಸಿದಾಗ ‘ಟಪ್’ ಎಂಬ ಸಣ್ಣ ಸದ್ದು ಕೇಳುತ್ತದೆ. ಅದನ್ನು ತಪ್ಪಿಸಲು ಐದೋ ಹತ್ತೋ ಮಿಲಿಸೆಕೆಂಡಿನ ಇಳಿಕೆ ಸಾಕು. ಆದರೆ ಸ್ವರ ನಯವಾಗಿ ಕರಗಬೇಕಾದರೆ ಎಷ್ಟು ಹೊತ್ತು ಎಂಬುದಕ್ಕಿಂತಲೂ ಯಾವ ಆಕಾರದಲ್ಲಿ ಇಳಿಯುತ್ತದೆ ಎಂಬುದೇ ಮುಖ್ಯ. ನಾಲ್ಕು ಸೆಕೆಂಡಿನಲ್ಲಿ ಸರಳರೇಖೆಯಂತೆ ಸೊನ್ನೆಗಿಳಿಯುವ ಸ್ವರವು ಎರಡನೆಯ ಸೆಕೆಂಡಿನ ಕೊನೆಗೆ ಕೇವಲ 6 ಡೆಸಿಬೆಲ್, ಮೂರನೆಯದರ ಕೊನೆಗೆ 12 ಡೆಸಿಬೆಲ್ ಇಳಿದಿರುತ್ತದೆ. ಉಳಿದ ಇಳಿತವೆಲ್ಲ ಕೊನೆಯ ಒಂದು ಸೆಕೆಂಡಿಗೆ ಬೀಳುವುದರಿಂದ, ಬಹಳ ಹೊತ್ತು ಹಾಗೆಯೇ ನಿಂತಿದ್ದ ಸ್ವರ ಥಟ್ಟನೆ ಬಿದ್ದುಹೋದಂತೆ ಭಾಸವಾಗುತ್ತದೆ. ನಮ್ಮ ಕಿವಿ ಅಳೆಯುವುದು ವ್ಯತ್ಯಾಸವನ್ನಲ್ಲ, ಅನುಪಾತವನ್ನು. ಪ್ರತಿ ಸೆಕೆಂಡಿಗೂ ಸಮಾನ ಡೆಸಿಬೆಲ್‌ನಷ್ಟು ತಗ್ಗುವ ಘಾತೀಯ ಇಳಿಕೆ, ಅಂದರೆ ಎಕ್ಸ್‌ಪೊನೆನ್ಷಿಯಲ್ ಕರ್ವ್, ನಯವೆನಿಸುವುದು ಆ ಕಾರಣಕ್ಕೆ. ಹಳೆಯ ಅನಲಾಗ್ ವಾದ್ಯಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ: ರೆಸಿಸ್ಟರ್ ಮೂಲಕ ಖಾಲಿಯಾಗುವ ಕೆಪ್ಯಾಸಿಟರ್ ಸಹಜವಾಗಿಯೇ ಹೀಗೆ ಇಳಿಯುತ್ತದೆ. ಡಿಜಿಟಲ್ ವಾದ್ಯಗಳಲ್ಲಿ ಕರ್ವ್ ಆರಿಸುವ ಅವಕಾಶವಿದ್ದರೆ ಅದನ್ನೇ ಆರಿಸಿಕೊಳ್ಳಬೇಕು.

ಮಾಟುಂಗಾದಲ್ಲಿ ಬೆಳಗಿನ ಗಲಾಟೆ ಆರಂಭವಾಗುವ ಮುನ್ನ ದೇವಸ್ಥಾನದ ಗಂಟೆ ಬಡಿದಾಗ ನಿಂತು ಕೇಳಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಮೊದಲ ಹೊಡೆತದ ಚುರುಕಾದ ಕಿಣಿಕಿಣಿ ಬೇಗ ಆರಿಹೋಗಿ ಕೊನೆಗೆ ಮಂದ್ರದ ಗುಂಗು ಮಾತ್ರ ಉಳಿಯುತ್ತದೆ; ನಾದದೊಳಗೆ ಬೆರೆತಿರುವ ಆಂಶಿಕ ಸ್ವರಗಳಲ್ಲಿ ಮೇಲಿನವು ಕೆಳಗಿನವುಗಳಿಗಿಂತ ಮೊದಲೇ ಅಡಗುತ್ತವೆ. ಆದ್ದರಿಂದ ಮೇಲಿನ ಆಂಶಿಕಗಳನ್ನು ತಗ್ಗಿಸುವ ಫಿಲ್ಟರಿಗೆ ಪ್ರತ್ಯೇಕ ಎನ್ವಲಪ್ ಇರುವ ಸಿಂಥಸೈಜರಿನಲ್ಲಿ ಅದರ ರಿಲೀಸನ್ನು ಶಬ್ದಮಟ್ಟದ ರಿಲೀಸಿಗಿಂತ ತುಸು ಕಡಿಮೆ ಇಟ್ಟರೆ ಸ್ವರ ಮಬ್ಬಾಗುತ್ತಲೇ ಕರಗುತ್ತದೆ. ತೀರಾ ಕಡಿಮೆ ಇಟ್ಟರೆ ಬೆರಳೆತ್ತಿದೊಡನೆ ಕಂಬಳಿ ಹೊದಿಸಿದಂತಾಗಿ ಉಳಿದ ಬಾಲ ಕೇಳಿಸುವುದೇ ಇಲ್ಲ.

ಹಾಡಿನ ಕೊನೆಯಲ್ಲಿ ಇಡೀ ವಾದ್ಯದ ಸದ್ದನ್ನು ಇಳಿಸುವ ಫೇಡ್‌ಔಟ್ ಬೇರೆಯದೇ ವಿಷಯ. ಅಲ್ಲಿ ಬೆರಳುಗಳು ಕೀ ಮೇಲೆಯೇ ಇರುತ್ತವೆ. ಅದನ್ನು ಸಾಮಾನ್ಯವಾಗಿ ವಾದ್ಯಗಳಿಗೆ ಆದೇಶ ಕಳಿಸುವ ಮಿಡಿ (MIDI) ವ್ಯವಸ್ಥೆಯ 7ನೆಯ ಅಥವಾ 11ನೆಯ ಕಂಟ್ರೋಲರ್ ಮೂಲಕ, ಅಂದರೆ ವಾಲ್ಯೂಮ್ ಅಥವಾ ಎಕ್ಸ್‌ಪ್ರೆಶನ್ ಮೂಲಕ, ಮಾಡುತ್ತಾರೆ. ಇಲ್ಲಿರುವುದು 127ರಿಂದ 0ವರೆಗಿನ ಮೆಟ್ಟಿಲುಗಳು. ವಾಲ್ಯೂಮಿಗೆ ಶಿಫಾರಸಾದ ಲೆಕ್ಕದಂತೆ ಮೇಲಿನ ಮೆಟ್ಟಿಲುಗಳು ತೀರಾ ಚಿಕ್ಕವಾಗಿದ್ದರೂ 2ರಿಂದ 1ಕ್ಕೆ ಇಳಿಯುವಾಗ ಒಮ್ಮೆಗೇ 12 ಡೆಸಿಬೆಲ್ ಕುಸಿಯುತ್ತದೆ. ಬದಲಾವಣೆಯನ್ನು ತಾನಾಗಿಯೇ ನುಣುಪುಗೊಳಿಸದ ವಾದ್ಯದಲ್ಲಿ ಈ ಮೆಟ್ಟಿಲುಗಳು ಕಿವಿಗೆ ಸಿಗುತ್ತವೆ.

ದೀರ್ಘ ರಿಲೀಸಿಗೆ ತೆರಬೇಕಾದ ಬೆಲೆಯೂ ಒಂದಿದೆ. ಆರುತ್ತಿರುವ ಸ್ವರವೂ ವಾದ್ಯದ ಒಂದು ವಾಯ್ಸನ್ನು, ಅಂದರೆ ಒಂದು ಸ್ವರವನ್ನು ನುಡಿಸುವ ಘಟಕವನ್ನು, ಹಿಡಿದಿಟ್ಟುಕೊಂಡಿರುತ್ತದೆ. 1978ರ ಪ್ರಾಫೆಟ್-5 ಸಿಂಥಸೈಜರಿನಲ್ಲಿ ಇದ್ದದ್ದು ಐದೇ ವಾಯ್ಸ್. ನಾಲ್ಕು ಸ್ವರಗಳ ಕಾರ್ಡ್ ಇನ್ನೂ ಆರುತ್ತಿರುವಾಗ ನಾಲ್ಕು ಬೇರೆ ಸ್ವರಗಳ ಕಾರ್ಡ್ ಒತ್ತಿದರೆ ಹಳೆಯವುಗಳಲ್ಲಿ ಮೂರು ಅರ್ಧಕ್ಕೇ ಕತ್ತರಿಸಿಹೋಗುತ್ತವೆ. ಹಲವು ಕೀಬೋರ್ಡುಗಳಲ್ಲಿ ನಾದವನ್ನೇ ಬದಲಿಸಿದಾಗಲೂ ಹಿಂದಿನ ಬಾಲ ತುಂಡಾಗುತ್ತದೆ. ಹೀಗಾಗಿ ಡೊಂಬಿವಲಿಯ ಆ ಹಾಡಿಗೆ ಈಗ ಆಲಾಪಕ್ಕೊಂದು ಚರಣಕ್ಕೊಂದು ಎಂದು ಎರಡು ನಾದಗಳನ್ನು ಇಟ್ಟುಕೊಳ್ಳುವುದಿಲ್ಲ. ರಿಲೀಸ್ ಅವಧಿಗೆ ಮೀಸಲಾದ 72ನೆಯ ಕಂಟ್ರೋಲರನ್ನು ಒಂದು ಸ್ಲೈಡರಿಗೆ ಜೋಡಿಸಿಕೊಂಡು, ಆಲಾಪ ಮುಗಿದು ತಬಲಾ ಎತ್ತಿಕೊಳ್ಳುವಷ್ಟರಲ್ಲಿ ನಾಲ್ಕು ಸೆಕೆಂಡಿನಿಂದ ಅರ್ಧ ಸೆಕೆಂಡಿಗೆ ಎಳೆದುಬಿಡುತ್ತೇನೆ.