ಗಂಟಲಿನ ಅಳತೆ, ಮಾತಿನ ಶ್ರುತಿ

ಹದಿನೇಳು ತುಂಬಿದ ಮಗ ಫೋನೆತ್ತಿದರೆ ಆ ಕಡೆಯವರು ‘ಮೇಡಂ’ ಎನ್ನುತ್ತಾರೆ ಎಂಬ ದೂರು ಹೊತ್ತು ಬರುವ ತಂದೆತಾಯಿಗಳಿಗೆ ಹಾರ್ಮೋನಿನ ಚಿಂತೆ. ಇಎನ್‌ಟಿ ವೈದ್ಯರು ನೋಡಿದರೆ ಇಂಥ ಬಹುಪಾಲು ಹುಡುಗರ ಧ್ವನಿಪೆಟ್ಟಿಗೆ ವಯಸ್ಸಿಗೆ ತಕ್ಕಂತೆ ಬೆಳೆದೇ ಇರುತ್ತದೆ. ಬದಲಾಗದೆ ಉಳಿದಿರುವುದು ಬಾಲ್ಯದ ರೂಢಿ. ಚಿಕಿತ್ಸೆಯೂ ಸರಳ: ಮಾತಿನ ಚಿಕಿತ್ಸಕರಾದ ನಾವು ಮೊದಲು ಕೆಮ್ಮಿಸುತ್ತೇವೆ, ಗಂಟಲಮಣಿಯ ಮೇಲೆ ಬೆರಳಿಟ್ಟು ಹಗುರವಾಗಿ ಒತ್ತಿ ‘ಆ’ ಎನ್ನಿಸುತ್ತೇವೆ. ಥಟ್ಟನೆ ದಪ್ಪ ಸ್ವರ ಹೊರಡುತ್ತದೆ. ಹುಡುಗ ಬೆಚ್ಚುತ್ತಾನೆ, ‘ಇದು ನನ್ನದಲ್ಲ’ ಎನ್ನುವವರೇ ಹೆಚ್ಚು. ಆ ಸ್ವರವನ್ನು ಪದಕ್ಕೆ, ವಾಕ್ಯಕ್ಕೆ ಒಯ್ಯುವುದು ಕಷ್ಟವಲ್ಲ, ಗೆಳೆಯರೆದುರು ಅದರಲ್ಲಿ ಮಾತನಾಡಿಸುವುದೇ ಕಷ್ಟ.

ಧ್ವನಿತಂತುಗಳು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತವೆಯೋ ಅದೇ ಮಾತಿನ ಶ್ರುತಿ. ಗಂಡಸರಲ್ಲಿ ಅದು ಸುಮಾರು 100ರಿಂದ 130 ಹರ್ಟ್ಸ್, ಹೆಂಗಸರಲ್ಲಿ 180ರಿಂದ 220. ಹರೆಯದಲ್ಲಿ ಗಂಡುಮಕ್ಕಳ ತಂತುಗಳು ಉದ್ದವಾಗಿ, ದಪ್ಪವಾಗಿ ಬೆಳೆಯುವುದರಿಂದ ಧ್ವನಿ ಹೆಚ್ಚುಕಡಿಮೆ ಒಂದು ಸ್ಥಾಯಿ, ಅಂದರೆ ಅರ್ಧದಷ್ಟು ಹರ್ಟ್ಸಿಗೆ, ಇಳಿಯುತ್ತದೆ. ಕರ್ನಾಟಕ ಸಂಗೀತದಲ್ಲಿ ಗಂಡಸರು ಒಂದು ಮನೆಯ (ಹಾರ್ಮೋನಿಯಂನ ‘ಸಿ’ ಸ್ವರದ) ಆಸುಪಾಸಿನಲ್ಲಿ, ಹೆಂಗಸರು ಅದಕ್ಕಿಂತ ಎತ್ತರದ ಐದು ಮನೆಯ (‘ಜಿ’ ಸ್ವರದ) ಆಸುಪಾಸಿನಲ್ಲಿ ಶ್ರುತಿ ಹಿಡಿಯುವುದೂ ಈ ಗಾತ್ರದ ಲೆಕ್ಕಕ್ಕೇ ಹೊಂದುತ್ತದೆ.

ಆದರೆ ದೇಹ ಹಾಕಿಕೊಡುವುದು ಎಲ್ಲೆ ಮಾತ್ರ. ಅದರೊಳಗೆ ಎಲ್ಲಿ ನಿಲ್ಲಬೇಕೆಂದು ಕಲಿಸುವುದು ಸಮಾಜ. ಜಪಾನಿನ ಮತ್ತು ನೆದರ್ಲೆಂಡ್ಸಿನ ಹೆಂಗಸರ ಧ್ವನಿಯನ್ನು ಹೋಲಿಸಿ 1995ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಜಪಾನಿನ ಕೇಳುಗರಿಗೆ ಹೆಣ್ಣಿನ ದನಿ ಎತ್ತರದಲ್ಲಿದ್ದರೆ ಒಪ್ಪಿಗೆ, ಡಚ್ಚರಿಗೆ ತಗ್ಗಿದ್ದರೂ ಸೈ. ಭಾಷೆಯ ಪಾಲೂ ಇದೆ. ಮ್ಯಾಂಡರಿನ್ ಚೀನಿಯಲ್ಲಿ, ನಮ್ಮಲ್ಲೇ ಪಂಜಾಬಿಯಲ್ಲಿ, ಶ್ರುತಿ ಬದಲಾದರೆ ಪದದ ಅರ್ಥವೇ ಬದಲಾಗಬಹುದು. ಕನ್ನಡದಲ್ಲಿ ಹಾಗಿಲ್ಲ, ನಾವು ಏರಿಳಿತವನ್ನು ಪ್ರಶ್ನೆಗೆ, ಅಚ್ಚರಿಗೆ, ಕೊಂಕಿಗೆ ಮೀಸಲಿಟ್ಟಿದ್ದೇವೆ. ಎರಡು ಭಾಷೆ ಬಲ್ಲವರಲ್ಲಿ ಒಂದೇ ಗಂಟಲು ಎರಡು ಶ್ರುತಿಗಳಲ್ಲಿ ಮಾತನಾಡುವುದೂ ಉಂಟು.

ಶ್ರುತಿಯೊಂದರಿಂದಲೇ ಹೆಣ್ಣುದನಿ ಆಗುವುದಿಲ್ಲ ಎಂಬುದು ಯಕ್ಷಗಾನದ ಸ್ತ್ರೀವೇಷಧಾರಿಗಳಿಗೆ ಗೊತ್ತು. ದನಿ ಎಷ್ಟೇ ಏರಿಸಿದರೂ ಗಂಟಲಿನಿಂದ ತುಟಿಯವರೆಗಿನ ಕೊಳವೆ ಗಂಡಸಿನದೇ ಆದ್ದರಿಂದ ಸ್ವರಾಕ್ಷರಗಳ ಅನುರಣನ ಗುಟ್ಟು ಬಿಟ್ಟುಕೊಡುತ್ತದೆ. ಲಯ, ನಯ, ಮಾತಿನ ಎಳೆತವೇ ಉಳಿದ ಕೆಲಸ ಮಾಡುತ್ತವೆ.

ಹಾಗೆಯೇ, ‘ಗಂಡುಧ್ವನಿ’ ಎಂದು ಹಂಗಿಸಿಕೊಂಡು ಬರುವ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿಗೆ ಚಿಕಿತ್ಸೆ ಬೇಕಿಲ್ಲ. 165 ಹರ್ಟ್ಸ್ ಎಂಬುದು ಕಾಯಿಲೆಯಲ್ಲ. ಹಂಗಿಸುವವರಿಗೆ ಮದ್ದು ನನ್ನ ಬಳಿ ಇಲ್ಲ.

ನನಗೆ ಹೆಚ್ಚು ಕಳವಳ ತರುವವರು ಶಿಕ್ಷಕಿಯರು. ಗದ್ದಲವಿದ್ದಲ್ಲಿ ನಾವು ಅರಿಯದೆಯೇ ದನಿ ಏರಿಸುತ್ತೇವೆ. ಫ್ರಾನ್ಸಿನ ವೈದ್ಯ ಎಟಿಯೆನ್ ಲಾಂಬಾರ್ಡ್ 1911ರಲ್ಲೇ ಇದನ್ನು ವಿವರಿಸಿದ್ದ. ಗಟ್ಟಿತನದ ಜೊತೆ ಶ್ರುತಿಯೂ ಏರುತ್ತದೆ. ತಂತುಗಳು ಬಿಗಿದು ಒಂದಕ್ಕೊಂದು ಹೆಚ್ಚು ಬಡಿಯುತ್ತವೆ. ಐವತ್ತು ಮಕ್ಕಳ ತರಗತಿ, ಮೇಲೆ ತಿರುಗುವ ಫ್ಯಾನು, ಕಿಟಕಿಯಾಚೆ ಬಸ್ಸುಗಳ ಹಾರನ್ನು, ಇವುಗಳ ನಡುವೆ ದಿನಕ್ಕೆ ಆರು ಪೀರಿಯಡ್ ಹೀಗೆ ಬಡಿದರೆ ತಂತುಗಳ ಅಂಚಿನಲ್ಲಿ ಗಂಟು ಕಟ್ಟುತ್ತದೆ. ಬಿಸಿನೀರು, ಜೇನುತುಪ್ಪ ಅದನ್ನು ಕರಗಿಸುವುದಿಲ್ಲ. ಸೊಂಟಕ್ಕೆ ಕಟ್ಟುವ ಪುಟ್ಟ ಮೈಕು ಅದು ಆಗದಂತೆ ಎಷ್ಟೋ ತಡೆಯಬಲ್ಲದು. ದನಿ ಒಡಕಲಾಗಿ ಮೂರು ವಾರ ದಾಟಿದರೆ, ಅಥವಾ ಹೆಂಗಸರ ಧ್ವನಿ ಇದ್ದಕ್ಕಿದ್ದಂತೆ ದಪ್ಪವಾದರೆ, ಮೊದಲು ಇಎನ್‌ಟಿ ವೈದ್ಯರಿಗೆ ತೋರಿಸಿ. ಎರಡನೆಯದರಲ್ಲಿ ಥೈರಾಯ್ಡ್ ಪರೀಕ್ಷೆಯೂ ಆಗಲಿ.