ತೋಟದ ನೈಟ್ರೇಟ್, ತಟ್ಟೆಯ ನೈಟ್ರೇಟ್

ಪ್ರಶ್ನೆ: ಕೊಡಗಿನ ಗೋಣಿಕೊಪ್ಪದ ಹತ್ತಿರ ನಮ್ಮದು ಕಾಫಿ ತೋಟ. ಬಾವಿ ನೀರು ಪರೀಕ್ಷೆ ಮಾಡಿಸಿದಾಗ ನೈಟ್ರೇಟ್ ಜಾಸ್ತಿಯಿದೆ, ಕುಡಿಯಬೇಡಿ ಎಂದರು. ಈಗ ನೋಡಿದರೆ ಸೊಪ್ಪು, ಬೀಟ್‌ರೂಟಿನ ನೈಟ್ರೇಟ್ ಮರೆವಿನ ಕಾಯಿಲೆ ತಡೆಯುತ್ತದೆ ಎನ್ನುತ್ತಾರೆ. ಅತ್ತೆಗೆ ಎಪ್ಪತ್ತು ದಾಟಿದೆ. ಯಾವುದನ್ನು ನಂಬುವುದು?

ಉತ್ತರ: ಮೊದಲನೆಯದನ್ನು ಪೂರ್ತಿ ನಂಬಿ, ಎರಡನೆಯದನ್ನು ಅರ್ಧ. 'ತಡೆಯುತ್ತದೆ' ಎನ್ನುವಷ್ಟು ಪುರಾವೆ ಇನ್ನೂ ಇಲ್ಲ. 'ನೆರವಾಗಬಹುದು' ಎನ್ನಲು ಅಡ್ಡಿಯಿಲ್ಲ.

ಬಾವಿಯಲ್ಲಿರಲಿ, ದಂಟಿನಲ್ಲಿರಲಿ, ನೈಟ್ರೇಟ್ ಒಂದೇ. ಸೊಪ್ಪು ತಿಂದಾಗ ಅದು ರಕ್ತ ಸೇರುತ್ತದೆ. ಅದರಲ್ಲಿ ಸುಮಾರು ಕಾಲುಭಾಗವನ್ನು ಜೊಲ್ಲುಗ್ರಂಥಿಗಳು ಸೆಳೆದುಕೊಂಡು ಮತ್ತೆ ಬಾಯಿಗೇ ಬಿಡುತ್ತವೆ. ನಾಲಿಗೆಯ ಹಿಂಭಾಗದಲ್ಲಿ ಬೀಡುಬಿಟ್ಟ ಬ್ಯಾಕ್ಟೀರಿಯಾಗಳು ಅದರಲ್ಲೊಂದಿಷ್ಟನ್ನು ನೈಟ್ರೈಟ್ ಮಾಡುತ್ತವೆ; ನುಂಗಿದ ಮೇಲೆ ಅದು ಹೊಟ್ಟೆಯಲ್ಲೂ ರಕ್ತದಲ್ಲೂ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ರಕ್ತನಾಳಗಳನ್ನು ಸಡಿಲಿಸುವ ಅನಿಲ ಇದು. 1998ರ ವೈದ್ಯಕೀಯ ನೊಬೆಲ್ ಬಂದದ್ದು ಇದರ ಕುರಿತ ಶೋಧಕ್ಕೇ. ದೇಹ ಇದನ್ನು ತಾನೇ ತಯಾರಿಸುವ ಇನ್ನೊಂದು ದಾರಿಯಿದೆ, ಆದರೆ ವಯಸ್ಸಾದಂತೆ ಅದು ಸೊರಗುತ್ತದೆ. ಹಾಗಾಗಿ ವಯಸ್ಸಾದವರಿಗೆ ಬಾಯಿಯ ಈ ದಾರಿ ಮುಖ್ಯ. ಬೆಳಗ್ಗೆ ಬೀಟ್‌ರೂಟ್ ಜ್ಯೂಸ್ ಕುಡಿದು, ಹಿಂದೆಯೇ ಕ್ರಿಮಿ ಕೊಲ್ಲುವ ಮೌತ್‌ವಾಶ್ ಮುಕ್ಕಳಿಸುವವರು ಜ್ಯೂಸಿನ ದುಡ್ಡು ಉಳಿಸಬಹುದು.

ಇನ್ನು ಮಿದುಳು. 2011ರಲ್ಲಿ ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದವರು ಎಪ್ಪತ್ತು ದಾಟಿದವರಿಗೆ ನೈಟ್ರೇಟ್ ಹೆಚ್ಚಿರುವ ಆಹಾರ ಕೊಟ್ಟಾಗ ಮಿದುಳಿನ ಮುಂಭಾಗದ ಒಳಪದರಕ್ಕೆ ರಕ್ತದ ಹರಿವು ಹೆಚ್ಚಿದ್ದು ಕಂಡಿತು. ರಕ್ತ ಹರಿದ ಮಾತ್ರಕ್ಕೆ ನೆನಪು ಉಳಿಯುತ್ತದೆಂದಲ್ಲ. 2018ರಲ್ಲಿ ಷಿಕಾಗೋದ 960 ಹಿರಿಯರ ಅಧ್ಯಯನದಲ್ಲಿ ದಿನಕ್ಕೊಂದು ಹೊತ್ತು ಸೊಪ್ಪು ತಿನ್ನುವವರ ಬುದ್ಧಿಶಕ್ತಿ ಉಳಿದವರಿಗಿಂತ ನಿಧಾನವಾಗಿ ಕುಂದಿತ್ತು. ಆದರೆ ಸೊಪ್ಪಿನಲ್ಲಿ ಫೋಲೇಟ್, ಲ್ಯುಟೀನ್, ವಿಟಮಿನ್ ಕೆ ಕೂಡ ಇವೆ. ಯಶಸ್ಸೆಲ್ಲ ನೈಟ್ರೇಟಿನದೇ ಎನ್ನಲಾಗದು. ನಿಮ್ಮ ಪ್ರಶ್ನೆಗೆ ನೇರವಾಗಿ ತಾಗುವುದು ಡೆನ್ಮಾರ್ಕಿನದು: 54 ಸಾವಿರಕ್ಕೂ ಹೆಚ್ಚು ಜನ, 27 ವರ್ಷದವರೆಗಿನ ದಾಖಲೆ. ತರಕಾರಿಯಿಂದ ಹೆಚ್ಚು ನೈಟ್ರೇಟ್ ಪಡೆದವರಲ್ಲಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಕಡಿಮೆ, ಕುಡಿಯುವ ನೀರಿನಿಂದ ಪಡೆದವರಲ್ಲಿ ಹೆಚ್ಚು. ಇದೂ ಗಮನಿಸಿ ಬರೆದಿಟ್ಟ ಲೆಕ್ಕವೇ, ಪ್ರಯೋಗವಲ್ಲ.

ವ್ಯತ್ಯಾಸಕ್ಕೆ ಕಾರಣ ಜೊತೆಗಾರರು ಇರಬಹುದು. ಸೊಪ್ಪಿನಲ್ಲಿ ನೈಟ್ರೇಟ್ ಜೊತೆ ಬರುವ ವಿಟಮಿನ್ ಸಿ, ಪಾಲಿಫಿನಾಲ್‌ಗಳು ಅದು ಹಾನಿಕರ ನೈಟ್ರೋಸಮೈನ್ ಆಗುವುದನ್ನು ತಡೆಯುತ್ತವೆ. ನೀರಿನಲ್ಲಿ ಆ ಕಾವಲಿಲ್ಲ. ನೈಟ್ರೈಟ್ ಹಾಕಿ ಕೆಡದಂತೆ ಇಟ್ಟ ಬೇಕನ್, ಸಲಾಮಿಯಲ್ಲೂ ಅದು ಸಹಜವಾಗಿ ಇರುವುದಿಲ್ಲ. (ಪಂದಿ ಕರಿಯವರು ಗಾಬರಿಯಾಗಬೇಡಿ: ಹಸಿ ಮಾಂಸವನ್ನು ಕಾಚಂಪುಳಿ ಎಂಬ ನಮ್ಮ ಹುಳಿ ಹಾಕಿ ಬೇಯಿಸುವಾಗ ಯಾರೂ ನೈಟ್ರೈಟ್ ಬೆರೆಸುವುದಿಲ್ಲ. ಕೊಬ್ಬಿನ ಮಾತು ಬೇರೆ.)

ದಂಟು, ಹರಿವೆ, ಪಾಲಕ್, ಮೂಲಂಗಿ, ಬೀಟ್‌ರೂಟ್‌ಗಳಲ್ಲಿ ನೈಟ್ರೇಟ್ ಧಾರಾಳ. ಟೊಮೆಟೊ, ಬಟಾಣಿಯಲ್ಲಿ ಕಡಿಮೆ. ಬಿಸಿಲು ಕಡಿಮೆಯಾದರೆ ಎಲೆ ನೈಟ್ರೇಟನ್ನು ಪೂರ್ತಿ ಬಳಸಿಕೊಳ್ಳಲಾರದೆ ಕೂಡಿಹಾಕುತ್ತದೆ. ಹಾಗಾಗಿ ಕಕ್ಕಡದ (ಕೊಡವರ ಮಳೆಗಾಲದ ತಿಂಗಳು) ಮೋಡದಡಿ ಹಿತ್ತಲಲ್ಲಿ ಬೆಳೆದ ಸೊಪ್ಪಿಗೆ ಯೂರಿಯಾ ಸುರಿಯುವ ಅಗತ್ಯವೇ ಇಲ್ಲ. ಕಕ್ಕಡ ಪದಿನೆಟ್ಟಿಗೆ, ಅಂದರೆ ಆ ತಿಂಗಳ ಹದಿನೆಂಟನೇ ದಿನ, ಮದ್ದುಸೊಪ್ಪು ಬೇಯಿಸಿ ಅದರ ರಸದಲ್ಲೇ ಪಾಯಸ ಮಾಡುವ ನಾವು, ದಂಟು ಬೇಯಿಸಿದ ನೀರನ್ನು ಮಾತ್ರ ಬಚ್ಚಲಿಗೆ ಚೆಲ್ಲುತ್ತೇವೆ. ನೈಟ್ರೇಟ್ ಕರಗಿ ಹೋಗುವುದು ಆ ನೀರಿಗೇ, ಸಾರಿಗೆ ಹಾಕಿ. ಮಿಕ್ಕ ಪಲ್ಯವನ್ನು ರಾತ್ರಿಯಿಡೀ ಹೊರಗಿಡಬೇಡಿ. ಅಂದಹಾಗೆ, ಮದ್ದು ಪಾಯಸ ಅಥವಾ ಬೀಟ್‌ರೂಟ್ ತಿಂದ ಮರುದಿನ ಮೂತ್ರ ಕೆಂಪಾಗುವುದು ಅವುಗಳ ಬಣ್ಣದಿಂದ. ನೈಟ್ರೇಟಿಗೆ ಬಣ್ಣವಿಲ್ಲ.

ಬಾವಿಯ ವಿಷಯದಲ್ಲಿ ಸಡಿಲ ಬೇಡ. ನಮ್ಮ ದೇಶದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ; ಆರ್‌ಒ ಫಿಲ್ಟರ್ ತೆಗೆಯುತ್ತದೆ. ಮನೆಯಲ್ಲಿ ಆರು ತಿಂಗಳೊಳಗಿನ ಮಗುವಿದ್ದರೆ ಅದಕ್ಕೆ ಬಾಟಲಿ ಹಾಲು ಕಲಸಲು ಆ ನೀರು ಮುಟ್ಟಲೇಬೇಡಿ. ರಕ್ತ ಆಮ್ಲಜನಕ ಹೊರಲಾರದೆ ಮೈ ನೀಲಿಗಟ್ಟುವ ಅಪಾಯವಿದೆ.

ಅತ್ತೆ ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ನುಂಗುತ್ತಿದ್ದರೆ ಸೊಪ್ಪಿನ ಪ್ರಮಾಣ ಏಕಾಏಕಿ ಏರಿಸಬೇಡಿ, ವಿಟಮಿನ್ ಕೆ ಆ ಮಾತ್ರೆಯ ಕೆಲಸ ಕೆಡಿಸುತ್ತದೆ. ಮೂತ್ರಪಿಂಡದಲ್ಲಿ ಕಲ್ಲಾಗಿದ್ದರೆ ಪಾಲಕ್, ಬೀಟ್‌ರೂಟ್ ಬಗ್ಗೆ ಮೊದಲು ವೈದ್ಯರನ್ನು ಕೇಳಿ.